ಬಿಟ್ಟು ಓದಿದ ಪ್ಯಾರಾ

ಅಕ್ಟೋಬರ್ 7, 2024. ಸೋಮವಾರ, ಬೆಳಿಗ್ಗೆ 6.50. ಹಿಂದೂಪುರ

ಕಾದಂಬರಿಯ ಒಂಬತ್ತನೇ ಅಧ್ಯಾಯಕ್ಕೆ ಆ್ಯಪ್‌ನಲ್ಲಿ ನೂರಾ ನಲವತ್ತೆರಡು ಕಮೆಂಟು. ಓದುತ್ತಾ ನಿಂತೆ, ಹಾಲು ಉಕ್ಕಿತು. ಸ್ಟವ್ ಒರೆಸಿ ಮತ್ತೆ ಫೋನ್ ಹಿಡಿದೆ.

ಎಲ್ಲರಿಗೂ ವಸುಂಧರೆಯ ಮೇಲೆ ಸಿಟ್ಟು. ‘ಇಂಥವಳು ನಮ್ಮ ಸ್ಟಾಫ್ ರೂಮಲ್ಲೂ ಇದ್ದಾಳೆ.’ ‘ಇವಳಿಗೆ ಶಿಕ್ಷೆ ಆಗದಿದ್ರೆ ಆ್ಯಪ್ ಡಿಲೀಟ್ ಮಾಡ್ತೀನಿ.’ ಪೆನುಕೊಂಡದ ಬಸವೇಶ್ ಎನ್ನುವವರು ಬರೀ ಒಂದು ಚಪ್ಪಲಿಯ ಚಿತ್ರ ಹಾಕಿದ್ದಾರೆ. ಅದನ್ನು ಮೂರು ಸಲ ನೋಡಿದೆ. ನಲವತ್ತಾರನೇ ವಯಸ್ಸಿನಲ್ಲಿ ಚಪ್ಪಲಿಯ ಚಿತ್ರ ನೋಡಿ ಖುಷಿಪಡುವುದೇ? ಖುಷಿಯಾಯ್ತು. ಇಲ್ಲಿ ಸುಳ್ಳೇಕೆ.

ಇವರು ಕಾಫಿ ಮಾಡಿಕೊಟ್ಟರು. ನನ್ನ ಗಂಡ ಸುರೇಂದ್ರ ಒಬ್ಬರಿಗೇ ಗೊತ್ತು, ‘ಸಹಿ ಇಲ್ಲದ್ದು’ ಕಾದಂಬರಿ ಬರೆಯುತ್ತಿರುವ ‘ಸುಮತಿ’ ನಾನೇ ಎಂದು. ರೇಷ್ಮೆಗೂಡಿನ ಮಾರ್ಕೆಟ್ಟಿಗೆ ಹೊರಡುವ ಮುಂಚೆ ದಿನಾ ಕೇಳುತ್ತಾರೆ — ನಿನ್ನ ಓದುಗರು ಏನಂತಾರೆ? ಆ ಸಹಿ ಇಲ್ಲದ ಕಾಗದ ಯಾರು ಬರೆದಿದ್ದು ಅಂತಾರೆ?

ವಸುಂಧರಾ ಅಂತಾರೆ, ಎಂದೆ. ನಕ್ಕು ಹೆಲ್ಮೆಟ್ ಹಾಕಿಕೊಂಡರು.

ಅದೇ ದಿನ, ಮಧ್ಯಾಹ್ನ 2.15

ಸ್ಪೋಕನ್ ಇಂಗ್ಲಿಷ್ ಬ್ಯಾಚ್ ಮುಗಿಯಿತು. ಚಪ್ಪಲಿ ಕಂಡು ಮನಸ್ಸು ತಣ್ಣಗಾಗಿಬಿಡಬಾರದು. ಅದಕ್ಕೆ ಮತ್ತೊಮ್ಮೆ ಬರೆದಿಟ್ಟುಕೊಳ್ಳುತ್ತೇನೆ.

2013, ಆಗಸ್ಟ್. ಹತ್ತು ವರ್ಷ ಪಾಠ ಮಾಡಿದ ಶಾಲೆ. ವೈಸ್ ಪ್ರಿನ್ಸಿಪಾಲ್ ಹುದ್ದೆಗೆ ನಾನು ಮತ್ತು ರಮಾದೇವಿ. ಶಾಲೆಯ ಆಡಳಿತ ನೋಡುವ ಕರೆಸ್ಪಾಂಡೆಂಟ್ ಜಯಚಂದ್ರ ಸಾರ್ ಕೋಣೆಗೆ ಕರೆದರು. ಒಂದು ಹಾಳೆ ಹಿಡಿದು ಓದಿದರು. ಸಹಿ ಇಲ್ಲದ ಕಾಗದ. ಪದ್ಮಲತಾ ಮೇಡಂ — ಅಂದರೆ ನಾನು — ತಮ್ಮ ಟ್ಯೂಷನ್ ಮಕ್ಕಳಿಗೆ ಪ್ರಶ್ನೆಪತ್ರಿಕೆ ಕೊಡುತ್ತಾರೆ ಎಂದು. ಕೊನೆಯ ಸಾಲು — ‘ಹೆತ್ತಿದ್ದರೆ ತಾನೇ ಗೊತ್ತಾಗೋದು, ಇಂಥವರ ಕೈಗೆ ಮಕ್ಕಳನ್ನು ಕೊಡಬೇಡಿ.’ ಆ ಸಾಲನ್ನು ನಾನು ಯಾರಿಗೂ ಹೇಳಿಲ್ಲ. ಇವರಿಗೂ ಹೇಳಿಲ್ಲ. ಕಾದಂಬರಿಯಲ್ಲೂ ಹಾಕಿಲ್ಲ. ನಮಗೆ ಮಕ್ಕಳಾಗಲಿಲ್ಲ ಎಂಬುದು ಸ್ಟಾಫ್ ರೂಮಿಗೆಲ್ಲ ಗೊತ್ತಿತ್ತು.

ಓದಿದ್ದು ಕನ್ನಡ. ಆದರೆ ಮೇಜಿನ ಈಚೆಯಿಂದ ಕಂಡಿದ್ದು ತೆಲುಗು ಅಕ್ಷರ. ನೀಲಿ ಇಂಕು, ದುಂಡಗೆ. ಆಂಧ್ರ ಗಡಿಯ ನಮ್ಮ ಕಡೆ ಇದೇನು ವಿಶೇಷವಲ್ಲ. ಮನೆಮಾತು ಕನ್ನಡ, ಶಾಲೆ ತೆಲುಗು. ಕಾಗದ ಬರೆಯಬೇಕಾದರೆ ಕನ್ನಡದ ಮಾತನ್ನು ತೆಲುಗು ಅಕ್ಷರದಲ್ಲಿ ಬರೆಯುತ್ತಾರೆ. ರಮಾದೇವಿ ಲೀವ್ ಲೆಟರ್ ಬಿಟ್ಟು ಮಿಕ್ಕಿದ್ದೆಲ್ಲ ಹಾಗೇ ಬರೆಯುತ್ತಿದ್ದಳು. ನನ್ನ ಬರ್ತ್‌ಡೇ ಕಾರ್ಡನ್ನು ಕೂಡ.

ವಾರದಲ್ಲಿ ರಾಜೀನಾಮೆ ಕೊಟ್ಟೆ. ಹುದ್ದೆ ಅವಳಿಗಾಯ್ತು. ಒಂದು ಮಾತೂ ಆಡದೆ ಬಂದೆ. ಹನ್ನೊಂದು ವರ್ಷ ಆಡಿಲ್ಲ. ಅವಳೀಗ ಕಲ್ಯಾಣದುರ್ಗದಲ್ಲಿ ಒಂದು ಶಾಲೆಗೆ ಹೆಡ್ ಮಿಸ್ಟ್ರೆಸ್.

ಅಕ್ಟೋಬರ್ 10, ಗುರುವಾರ

ಹತ್ತನೇ ಅಧ್ಯಾಯ ಹಾಕಿದೆ. ಸಂಜೆಯೊಳಗೆ ಅನಿತಾಳ ವಾಯ್ಸ್ ನೋಟ್ ಬಂತು. ಇವರ ತಂಗಿ, ನನ್ನ ನಾದಿನಿ; ಕಂಠ ಬಲು ಚೆನ್ನ. ‘ಓದೋ ಬಳಗ’ ಗ್ರೂಪು ಮಾಡಿದ್ದೂ ಅವಳೇ. ಮೂವತ್ತೊಂದು ಹೆಂಗಸರು, ಅರ್ಧ ಹಿಂದೂಪುರ, ಅರ್ಧ ಕಲ್ಯಾಣದುರ್ಗ. ಕನ್ನಡದ ಅಕ್ಷರ ಬರುವವರು ಹತ್ತು ಜನವೂ ಇಲ್ಲ. ಅನಿತಾ ಮಡಕಶಿರಾದಲ್ಲಿ ನಮ್ಮಪ್ಪ ಮೇಷ್ಟ್ರಾಗಿದ್ದ ಕನ್ನಡ ಶಾಲೆಯಲ್ಲಿ ಓದಿದವಳು. ಅವಳು ಆ್ಯಪ್ ನೋಡಿ ಓದುತ್ತಾಳೆ, ಮಿಕ್ಕವರು ಅಡುಗೆ ಮಾಡುತ್ತಾ ಕೇಳುತ್ತಾರೆ. ರಮಾದೇವಿ ಅವಳ ಮನೆಯ ಹಿಂದಿನ ಬೀದಿ. ಅವಳೂ ಕೇಳುತ್ತಾಳೆ.

ಅದಕ್ಕೇ ಬರೆದದ್ದು. ಅವಳು ಕೇಳಲಿ ಎಂದೇ. ಇಂಗ್ಲಿಷಿನಲ್ಲಿ ನನಗೆ ತಪ್ಪಿಲ್ಲದೆ ಬರೆಯುವುದು ಗೊತ್ತು, ಸಿಟ್ಟಿನಿಂದ ಬರೆಯುವುದು ಗೊತ್ತಿಲ್ಲ. ಅಪ್ಪ ಮನೆಯಲ್ಲಿ ಕಲಿಸಿದ ಅಕ್ಷರ ಇದಕ್ಕೆ ಒದಗಿತು.

ವಸುಂಧರೆಗೆ ರಮಾದೇವಿಯ ಎಲ್ಲ ಗುರುತೂ ಕೊಟ್ಟಿದ್ದೇನೆ. ಬಲಗೈಗೆ ವಾಚು. ಹೊಸ ಚಾಕ್‌ಪೀಸನ್ನು ಎರಡಾಗಿ ಮುರಿದು ಅರ್ಧ ತಾನು ಬಳಸಿ ಅರ್ಧ ಬೋರ್ಡಿನ ಅಂಚಿಗೆ ಇಟ್ಟುಹೋಗುವುದು. ಕಾದಂಬರಿಯಲ್ಲಿ ಅದನ್ನು ಜಿಪುಣತನ ಮಾಡಿದೆ — ಮುಂದಿನ ಪೀರಿಯಡ್ಡಿನವಳಿಗೆ ತುಂಡೇ ಸಾಕು ಎನ್ನುವ ಧೋರಣೆ. ಮುಂದಿನ ಪೀರಿಯಡ್ ನನ್ನದಿರುತ್ತಿತ್ತು.

ಸಂಜೆ 7.30. ರಮಾದೇವಿ ಗ್ರೂಪಿನಲ್ಲಿ ಮೊದಲ ಸಲ ಮಾತಾಡಿದಳು. ಹನ್ನೊಂದು ಸೆಕೆಂಡ್. “ಆ ವಸುಂಧರಾ ಪಾಪ ಕಣ್ರಮ್ಮ. ಎಲ್ರೂ ಬೈತೀರಿ, ಅವಳನ್ನ ಒಂದ್ ಮಾತು ಯಾರಾದ್ರೂ ಕೇಳಿದ್ರಾ?”

ಪಾಪವಂತೆ. ಐದು ಸಲ ಕೇಳಿಸಿಕೊಂಡೆ. 

ಅಕ್ಟೋಬರ್ 14

ತೀರ್ಮಾನವಾಯ್ತು. ನವೆಂಬರ್ 24, ಭಾನುವಾರ, ಬಳಗದವರೆಲ್ಲ ಕಲ್ಯಾಣದುರ್ಗದಲ್ಲಿ ಸೇರುವುದು. ಅಂದೇ ಕೊನೆಯ ಅಧ್ಯಾಯ. ಜಾಗ ರಮಾದೇವಿಯ ಮನೆ, ಹಾಲ್ ದೊಡ್ಡದಿದೆಯಂತೆ. ಸುಮತಿ ಮೇಡಂಗೆ ಬರೆದಿದ್ದೆ, ಪ್ರಿಂಟ್ ಮೊದಲೇ ಕಳಿಸುತ್ತಾರಂತೆ, ನಾನೇ ತರುತ್ತೇನೆ ಎಂದು ಗ್ರೂಪಿಗೆ ಹಾಕಿದೆ. ಅನಿತಾ ಜೋರಾಗಿ ಓದುತ್ತಾಳೆ. ರಮಾದೇವಿಯದೇ ಮನೆ, ಅವಳದೇ ಸೋಫಾ. ವಸುಂಧರಾ ತಪ್ಪೊಪ್ಪಿಕೊಳ್ಳುವ ಪುಟ ಬಂದಾಗ ನಾನು ಎದ್ದುನಿಂತು ನನ್ನ ಹೆಸರು ಹೇಳುತ್ತೇನೆ. ಆಮೇಲೆ ಅವಳ ಹೆಸರು.

ಇದು ನ್ಯಾಯ ಕೇಳುವುದೋ, ಬರೀ ರುಚಿ ನೋಡುವುದೋ? ಎರಡೂ ಇರಬಹುದು. ಇರಲಿ.

ಅಕ್ಟೋಬರ್ 24, ಗುರುವಾರ. ಬೆಳಿಗ್ಗೆ 7.10

ಹದಿನಾಲ್ಕನೇ ಅಧ್ಯಾಯ. ಕಮೆಂಟುಗಳು ಒಡೆದಿವೆ. ಮೃದುಲಾಳೇ — ಅಂದರೆ ನಾನೇ — ಕಾಗದ ಬರೆದುಕೊಂಡಿರಬೇಕು ಅನ್ನುತ್ತಾನೆ ಒಬ್ಬ. ಇಂಥ ಕಾದಂಬರಿಗಳಲ್ಲಿ ಕಥೆ ಹೇಳುವವಳನ್ನು ನಂಬಬಾರದಂತೆ. ಅದಕ್ಕೆ ಅರವತ್ತು ಲೈಕು.

ಕಂಬದೂರಿನ ನಾರಮ್ಮ ಎನ್ನುವವರದು ಇನ್ನೊಂದು. ರಿಟೈರ್ಡ್ ನರ್ಸ್ ಅಂತೆ. ‘ಕೆಲಸ ಯಾರಿಗೆ ಸಿಕ್ಕಿತು ಎಂದು ಎಲ್ಲರೂ ನೋಡುತ್ತಿದ್ದೀರಿ. ಇವಳು ಮನೆಯಲ್ಲಿ ಕೂರುವುದು ಯಾರಿಗೆ ಬೇಕಿತ್ತು, ಅದನ್ನು ನೋಡಿ. ಹನ್ನೆರಡನೇ ಅಧ್ಯಾಯದಲ್ಲಿ ಹಾಸಿಗೆ ಹಿಡಿದ ಅತ್ತೆ ಇದ್ದಾಳೆ. ಅವಳ ಮಲ ಬಳಿಯುವವರು ಯಾರಾದರೂ ಬೇಕಿತ್ತಲ್ಲ.’

ಎಷ್ಟು ಒರಟು ಹೆಂಗಸು.

ಇವರು ಕೇಳಿದರು, ಏನಂತಾರೆ? ವಸುಂಧರಾನೇ ಅಂತಾರೆ, ಎಂದೆ. ಸುಳ್ಳು ಯಾಕೆ ಹೇಳಿದೆ?

ಅಕ್ಟೋಬರ್ 25

ನಾರಮ್ಮನ ಕಮೆಂಟಿಗೆ ಇನ್ನೂರು ಲೈಕು. ‘ಹೌದಲ್ವಾ!’ ‘ನಾದಿನಿ ಮೇಲೆ ನಂಗೆ ನಾಲ್ಕನೇ ಅಧ್ಯಾಯದಿಂದ್ಲೇ ಡೌಟು.’ ಯಾವ ನಾದಿನಿ? ನಾನು ನಾದಿನಿಯ ಪಾತ್ರವನ್ನು ಪ್ರೀತಿಯಿಂದ ಬರೆದಿದ್ದೇನೆ.

ನನ್ನ ಕಥೆಯನ್ನು ನನಗೆ ಹೇಳಿಕೊಡಲು ಇವರು ಯಾರು.

ನವೆಂಬರ್ 4, ಸೋಮವಾರ. ಬೆಳಿಗ್ಗೆ 11

ದೀಪಾವಳಿ ಮುಗಿಯಿತು. ಹತ್ತು ದಿನ ಇದನ್ನು ಮುಟ್ಟಲಿಲ್ಲ.

ಒಂದು ವಿಷಯ ಕೊರೆಯುತ್ತಿತ್ತು. ಆ್ಯಪ್‌ನಲ್ಲಿ ನೂರಾರು ಜನಕ್ಕೆ ಅನುಮಾನ ಬಂದಿದೆ. ಬಳಗದಲ್ಲಿ ಒಬ್ಬರಿಗೂ ಬಂದಿಲ್ಲ. ಒಬ್ಬರೂ ಅತ್ತೆಯ ಮಾತೇ ಎತ್ತುವುದಿಲ್ಲ. ಮೂವತ್ತೊಂದು ಹೆಂಗಸರು, ಅತ್ತೆಯ ಮಾತೆತ್ತದೆ.

ಇಂದು ಕೂತು ಹನ್ನೆರಡನೇ ಅಧ್ಯಾಯದ ವಾಯ್ಸ್ ನೋಟ್ ಹಾಕಿಕೊಂಡೆ. ಮುಂದೆ ನನ್ನ ಪ್ರತಿ, ಕೈಯಲ್ಲಿ ಪೆನ್ಸಿಲ್. ಮಕ್ಕಳ ರೀಡಿಂಗ್ ಚೆಕ್ ಮಾಡುತ್ತಿದ್ದ ಹಾಗೆ, ಸಾಲಿಗೊಂದು ಟಿಕ್. ಅನಿತಾ ಒಂದು ಪ್ಯಾರಾ ಬಿಟ್ಟಿದ್ದಾಳೆ. ಇದು:

‘ಅತ್ತೆಗೆ ಲಕ್ವ ಹೊಡೆದು ಎರಡು ತಿಂಗಳಾಗಿತ್ತು. ಯಾರ ಮನೆಯಲ್ಲಿಟ್ಟುಕೊಳ್ಳುವುದು ಎಂದು ಮೂರು ಭಾನುವಾರ ಮಾತಾಯಿತು. ಮಗಳು ತನ್ನ ಮನೆ ಚಿಕ್ಕದೆಂದಳು. ಸೊಸೆ ತನಗೆ ಶಾಲೆಯಿದೆ ಎಂದಳು. ಮಗ ಗೋಡೆ ನೋಡುತ್ತಾ ಕೂತಿದ್ದ.’

ಉಸಿರು ಎಳೆದುಕೊಂಡಂತೆ ಒಂದು ಸಣ್ಣ ಸದ್ದು, ಆಮೇಲೆ ಮುಂದಿನ ಪ್ಯಾರಾ. ನಾಲ್ಕನೆಯದನ್ನು ಕೇಳಿದೆ. ಆರನೆಯದನ್ನು, ಹದಿಮೂರನೆಯದನ್ನು ಕೇಳಿದೆ. ಅತ್ತೆ ಬಂದಲ್ಲೆಲ್ಲ ಬಿಟ್ಟಿದ್ದಾಳೆ. ಅನಿತಾಳ ಕಂಠದಲ್ಲಿ ಮೃದುಲೆಗೆ ಅತ್ತೆಯೇ ಇಲ್ಲ.

ನಮ್ಮತ್ತೆ ಕರಿಬಸಮ್ಮ ಆರು ವರ್ಷ ಮಲಗಿದ್ದರು, 2019ರವರೆಗೆ. ನಮ್ಮ ಹಿಂದಿನ ರೂಮಿನಲ್ಲಿ. ನಾನು ರಾಜೀನಾಮೆ ಕೊಟ್ಟ ಹದಿನೈದನೇ ದಿನ ಕರೆತಂದರು.

ನವೆಂಬರ್ 5

ಅನಿತಾಗೆ ಫೋನ್ ಮಾಡಿದೆ. ಸಾರು, ಮಗಳ ಪರೀಕ್ಷೆ, ಅದು ಇದು. ಮೆಲ್ಲಗೆ ಕೇಳಿದೆ, ಹನ್ನೆರಡನೇ ಅಧ್ಯಾಯ ಚಿಕ್ಕದಾಯ್ತಲ್ಲ?

“ಕಾಯಿಲೆ ಕಸಾಲೆ ಯಾರಿಗ್ ಬೇಕ್ ಬಿಡಿ ಅತ್ತಿಗೆ. ಎಲ್ರ ಮನೇಲೂ ಇದ್ದಿದ್ದೇ. ಕೇಳೋರಿಗೆ ಬ್ಯಾಸ್ರ ಆಯ್ತದೆ ಅಂತ ಬಿಟ್ಟೆ.”

ಚಿಕ್ಕದಾಯ್ತು ಎಂದಷ್ಟೇ ನಾನು ಹೇಳಿದ್ದು. ಕಾಯಿಲೆ ಎಂದವಳು ಅವಳು.

ನವೆಂಬರ್ 9, ಶನಿವಾರ. ಸೋಮಂದೇಪಲ್ಲಿಯಿಂದ ಬಂದು, ಸಂಜೆ 5

ಜಯಚಂದ್ರ ಸಾರ್ ಮಗನ ಮನೆಯಲ್ಲಿದ್ದಾರೆ. ಎಪ್ಪತ್ತೆಂಟು. ಗುರುತು ಹಿಡಿದರು, ಮಜ್ಜಿಗೆ ಕೊಡಿಸಿದರು. ಸುತ್ತಿಬಳಸದೆ ಕೇಳಿದೆ. ಆ ಕಾಗದ ಇದೆಯೇ?

ಅದೆಲ್ಲ ಎಲ್ಲಿಡೋದಮ್ಮ, ಹರಿದು ಹಾಕಿದೆ ಎಂದರು. ಈಗಲೂ ಬೇಜಾರಿದೆಯಂತೆ, ವಿಚಾರಿಸಿಯೇ ತೀರ್ಮಾನ ಮಾಡಬೇಕೆಂದಿದ್ದರಂತೆ, ನಾನೇ ಬಿಟ್ಟುಹೋದೆನಂತೆ. ಏಳುವಾಗ ಸುಮ್ಮನೆ ಹೇಳಿದೆ — ತೆಲುಗು ಅಕ್ಷರ ನೋಡಿದಾಗಲೇ ಯಾರದೆಂದು ನನಗೆ ಗೊತ್ತಾಗಿತ್ತು, ಸಾರ್.

ಮುದುಕರು ನನ್ನನ್ನೇ ನೋಡಿದರು.

“ಅದಿ ನಾ ರಾತ ಕದಮ್ಮಾ, ನನ್ ಬರಹ. ಕಾಗ್ದ ಬಂದಿದ್ದು ಕನ್ನಡದಾಗೆ. ನಂಗೆ ಆ ಲಿಪಿ ರಾದು, ಓದಾಕ್ ಬರಲ್ಲ. ಕ್ಲರ್ಕ್ ಗಿರಿಯಪ್ಪ ಓದ್ತಾ ಹೋದ, ನಾನು ತೆಲುಗು ಅಕ್ಷರದಾಗೆ ಬರ್ಕೊಂಡೆ. ನಿನ್ ಮುಂದೆ ಓದಿದ್ದು ಅದನ್ನ.”

ನಾನು ಕಂಡ ನೀಲಿ ಇಂಕು ಅವರದು. ದುಂಡಗಿನ ಅಕ್ಷರ ಅವರದು. ಮೇಜಿನ ಆಚೆ ಕೈ ಚಾಚಿ ‘ಕೊಡಿ ಸಾರ್, ನೋಡುತ್ತೇನೆ’ ಎಂದಿದ್ದರೆ ಸಾಕಿತ್ತು. ಮರ್ಯಾದೆ ಅಡ್ಡ ಬಂತು. ಮೂಲ ಕಾಗದ ಆಗ ಅವರ ಡ್ರಾಯರಿನಲ್ಲೇ ಇತ್ತಂತೆ. ಅಕ್ಷರ ಬಲು ಚೆಂದ, ಮೇಷ್ಟ್ರು ತಿದ್ದಿಸಿದ ಹಾಗೆ, ಎಂದಿದ್ದನಂತೆ ಗಿರಿಯಪ್ಪ.

ತಿದ್ದಿಸಿದ ಮೇಷ್ಟ್ರು ಯಾರು, ಮಡಕಶಿರಾದ ಯಾವ ಶಾಲೆ ಎಂದು ನನಗೆ ಗೊತ್ತು.

ರಮಾದೇವಿಗೆ ಕನ್ನಡದ ‘ಅ’ ಕೂಡ ಬರೆಯಲು ಬರುವುದಿಲ್ಲ.

ನವೆಂಬರ್ 10

ಏನೂ ಬರೆಯಲಾರೆ.

ನವೆಂಬರ್ 17, ಭಾನುವಾರ. ಮಧ್ಯಾಹ್ನ

ಕೊನೆಯ ಅಧ್ಯಾಯ ಹರಿದೆ. ಹೊಸದು ಬರೆದೆ, ಒಂದೇ ಸಮನೆ, ಒಂಬತ್ತು ಪುಟ. ಹನ್ನೊಂದು ವರ್ಷ ಸಾಕಿದ ಸಿಟ್ಟು, ವಿಳಾಸ ಬದಲಾಯಿತು ಅಷ್ಟೇ. ಒಂದು ತೊಟ್ಟೂ ಚೆಲ್ಲಲಿಲ್ಲ. ಇದು ನನಗೇ ಹೆದರಿಕೆ ಹುಟ್ಟಿಸಿತು. ತಪ್ಪು ಮಾಡದವಳನ್ನು ದ್ವೇಷಿಸಿದ್ದಕ್ಕೆ ಮೊದಲು ನಾಚಿಕೆಯಾಗಬೇಕಿತ್ತಲ್ಲವೇ?

ಅನಿತಾಳ ಅಮ್ಮನನ್ನು ದಿನಕ್ಕೆ ಎರಡು ಸಲ ಮಗ್ಗುಲು ಬದಲಿಸಿ ಮಲಗಿಸಿದ್ದೇನೆ. ಭಾನುವಾರ ಬಂದು, ‘ಅತ್ತಿಗೆ ದೇವ್ರಂಥೋರು’ ಅಂದು, ಹೋಳಿಗೆ ಕಟ್ಟಿಸಿಕೊಂಡು ಹೋಗುತ್ತಿದ್ದಳು.

ಮೂರನೇ ಪುಟಕ್ಕೆ ಆ ಪ್ಯಾರಾವನ್ನು ಇದ್ದ ಹಾಗೇ ಹಾಕಿದ್ದೇನೆ. ಅತ್ತೆಗೆ ಲಕ್ವ ಹೊಡೆದು ಎರಡು ತಿಂಗಳಾಗಿತ್ತು. ಅದರ ಕೆಳಗೆ, ನಾದಿನಿ ಪೆನ್ನು ಎತ್ತಿಕೊಳ್ಳುತ್ತಾಳೆ. ಆ್ಯಪ್‌ಗೆ ಹಾಕಿಲ್ಲ. ಪ್ರಿಂಟ್ ತೆಗೆಸಿದ್ದೇನೆ. ಅವಳು ಮೊದಲು ನೋಡುವುದು ಎಲ್ಲರ ಮುಂದೆಯೇ.

ಇವರು ಕೇಳಿದರು, ಮುಗೀತಾ? ಯಾರು ಅಂತ ಮಾಡಿದೆ ಕೊನೆಗೆ?

ನೀವೂ ಕಾಯಿರಿ, ಎಂದೆ.

ನವೆಂಬರ್ 24, ಭಾನುವಾರ. ಸಂಜೆ 4.40. ಕಲ್ಯಾಣದುರ್ಗ ಬಸ್ ಸ್ಟ್ಯಾಂಡ್

ಬಸ್ಸಿಗೆ ಇನ್ನೂ ಅರ್ಧ ಗಂಟೆ. ಇಲ್ಲೇ ಬರೆದುಬಿಡುತ್ತೇನೆ, ಮನೆಗೆ ಒಯ್ಯಲಾರೆ.

ಹದಿನೆಂಟು ಹೆಂಗಸರು. ಉಪ್ಪಿಟ್ಟು, ಕಾಫಿ. ರಮಾದೇವಿ ಬಾಗಿಲಲ್ಲಿ ನನ್ನ ಕೈ ಹಿಡಿದುಕೊಂಡಳು. ಕೂದಲು ಪೂರ್ತಿ ಬೆಳ್ಳಗಾಗಿದೆ. ಹಿಡಿಸಿಕೊಂಡೆ.

ಅನಿತಾ ಓದಲು ಕೂತಳು. ಎರಡು ಪುಟ ಚೆನ್ನಾಗಿ ಓದಿದಳು. ಪುಟ ಮಗುಚಿದಳು, ನಿಂತಳು. ನನ್ನ ಕಡೆ ನೋಡಲಿಲ್ಲ. ಕಣ್ಣಾಡ್ತಿಲ್ಲ, ಬೇರೆ ಯಾರಾದ್ರೂ ಓದ್ರಿ ಎಂದಳು. ಒಬ್ಬಳು ರೇಗಿಸಿದಳು, ವಯಸ್ಸಾಯ್ತು ಕಣೇ ನಿಂಗೆ, ಚಾಳೀಸು ತಂದ್ಕೋ ಎಂದು. ಎಲ್ಲ ನಕ್ಕರು. ಅನಿತಾ ಮುಂದಿನ ಪ್ಯಾರಾಕ್ಕೆ ಬೆರಳಿಟ್ಟಳು. ಉಸಿರು ಎಳೆದುಕೊಂಡ ಅದೇ ಸಣ್ಣ ಸದ್ದು.

ರಮಾದೇವಿಯೇ ಹೇಳಿದಳು. “ಬಿಡದಂಗೆ ಓದು ಕಣಮ್ಮ. ನಮ್ಗೆ ಆ ಅಕ್ಷರ ಬರಾಕಿಲ್ಲ. ನೀನು ಬಿಟ್ರೆ ನಮ್ಗದು ಇಲ್ಲದಂಗೇ.”

ಓದಿದಳು. ಲಕ್ವ, ಮೂರು ಭಾನುವಾರ, ಚಿಕ್ಕ ಮನೆ, ಗೋಡೆ ನೋಡುವ ಮಗ, ಪೆನ್ನು. ತನ್ನ ಬಾಯಿಂದಲೇ. ಹಾಲ್‌ನಲ್ಲಿ ಗದ್ದಲವೆದ್ದಿತು. ಅಯ್ಯೋ ನಾದಿನಿನಾ! ಹೆತ್ತ ತಾಯಿ ಉಚ್ಚೆ ಬಳಿಯಾಕಾಗ್ದೆ ಹಿಂಗೆ ಮಾಡೋದಾ? ಥೂ, ಅವಳ ಕೈ ಬಿದ್ದೋಗ! ಅನಿತಾ ಕಾಗದ ಹಿಡಿದ ತನ್ನ ಕೈಯನ್ನೇ ನೋಡಿಕೊಂಡಳು.

ಎದ್ದುನಿಂತು ಹೆಸರು ಹೇಳಬೇಕೆನಿಸಲಿಲ್ಲ, ಕೂತೇ ಕಣ್ಣು ತುಂಬ ನೋಡಿದೆ. ಎಣಿಸಿದಷ್ಟು ರುಚಿ ಇರಲಿಲ್ಲ. ಇದ್ದಷ್ಟು ಸಾಲಲೂ ಇಲ್ಲ.

ಹೊರಡುವಾಗ ರಮಾದೇವಿ ಗೇಟಿನವರೆಗೆ ಬಂದಳು. ಸುಮತಿ ಯಾರೆಂದು ಚಾಕ್‌ಪೀಸಿನ ವಿಷಯ ಬಂದಾಗಲೇ ಗೊತ್ತಾಯಿತಂತೆ.

“ಅರ್ಧ ಮುರ್ದು ಇಡ್ತಿದ್ದಿದ್ದು ನಿಂಗೇ ಕಣೇ ಪದ್ಮಾ. ನಿನ್ ಪೀರಿಯಡ್ಡಿಗೆ ಡಬ್ಬಿ ಖಾಲಿ ಆಗಿರ್ತಿತ್ತಲ್ಲ. ನನ್ನ ಒಂದ್ ಮಾತು ಕೇಳ್ದೇ ಯಾಕೆ ಮಾತು ಬಿಟ್ಟೆ ಅಂತ ಕಥೇಲಿ ಇವತ್ತಾದ್ರೂ ಬರ್ತದೇನೋ ಅಂತ ದಿನಾ ಕೇಳ್ತಿದ್ದೆ.”

ಕ್ಷಮಿಸು ಎನ್ನಬೇಕಿತ್ತು. ಬಸ್ಸಿಗೆ ಹೊತ್ತಾಯ್ತು ಎಂದೆ.

ಬಸ್ ಸ್ಟ್ಯಾಂಡಿನವರೆಗೂ ಅನಿತಾ ಹಿಂದೆಯೇ ಬಂದಳು. ಈಗಷ್ಟೇ ಹೋದಳು. ಅಳುತ್ತಾಳೆ ಎಂದುಕೊಂಡಿದ್ದೆ, ಅಳಲಿಲ್ಲ.

“ನೀವೇ ಸುಮತಿ ಅಂತ ಅಣ್ಣ ಮೊದ್ಲೇ ಹೇಳಿದ್ದ ಅತ್ತಿಗೆ. ಅಮ್ಮನ ವಿಷ್ಯ ಬಂದ್ರೆ ಓದ್ಬ್ಯಾಡ ಅಂದಿದ್ದ.”

ಯಾಕೆ, ಎಂದೆ.

“ನಂದು ಬರೀ ಕೈ ಕಣತ್ತಿಗೆ. ಅವ್ನು ಹೇಳ್ತಾ ಹೋದ, ನಾನು ಬರ್ಕೊಂಡ್ ಹೋದೆ. ತನ್ನ ಅಕ್ಷರ ನಿಮ್ಗೆ ಗೊತ್ತಾಗ್ಬುಡ್ತದೆ ಅಂತ. ಕೊನೇ ಸಾಲು ಬ್ಯಾಡ ಅಂದೆ. ಹೆತ್ತಿದ್ರೆ ತಾನೇ ಗೊತ್ತಾಗೋದು ಅಂತ... ಅದು ಬ್ಯಾಡ ಅಣ್ಣಾ ಅಂದೆ. ಹಾಕು, ಅದಿದ್ರೇನೇ ಬಿಟ್ಬುಟ್ಟು ಬತ್ತಾಳೆ ಅಂದ.”

ಬಸ್ ಬಂತು.

ನವೆಂಬರ್ 25, ಸೋಮವಾರ. ಬೆಳಿಗ್ಗೆ 6.40. ಹಿಂದೂಪುರ

ಇವರು ಕಾಫಿ ಮಾಡಿಕೊಟ್ಟರು. ಕುಡಿದೆ. ಎಂದಿನಂತೆಯೇ ಚೆನ್ನಾಗಿತ್ತು.

ಯಾರು ಅಂತ ಆಯ್ತು ಕೊನೆಗೆ?

ನಾದಿನಿ, ಎಂದೆ.

ಲೋಟದಿಂದ ಮುಖ ಎತ್ತಲಿಲ್ಲ. ಹೆಗಲು ಮಾತ್ರ ಸಡಿಲವಾಯ್ತು, ಕಂಡೆ. ಚೆನ್ನಾಗಿದೆ, ಯಾರೂ ಎಣಿಸಿರಲ್ಲ, ಎಂದರು. ಜನ ಏನಂದ್ರು?

ನಂಬಲಿಲ್ಲ, ಎಂದೆ. ನಾದಿನಿ ಒಬ್ಬಳದೇ ಅಲ್ಲ, ಇನ್ನೊಂದು ಅಧ್ಯಾಯ ಇರಬೇಕು ಅಂತಾರೆ. ಬರೆದಿದ್ದೇನೆ. ಒಂದೇ ಪುಟ. ಅನಿತಾಗೆ ಗಂಟಲು ಕಟ್ಟಿದೆಯಂತೆ, ನೀವು ಓದಿ. ಜೋರಾಗಿ ಓದಿ, ನಾನು ಅಡುಗೆಮನೆಯಲ್ಲಿ ಕೇಳಿಸಿಕೊಳ್ಳುತ್ತೇನೆ.

ಕನ್ನಡಕ ಹುಡುಕಿಕೊಂಡರು. ಗೋಡೆಯ ಪಕ್ಕದ ಕುರ್ಚಿ. ನಾನಿಲ್ಲಿ ಸ್ಟವ್ ಪಕ್ಕ ನಿಂತು ಬರೆಯುತ್ತಿದ್ದೇನೆ, ಇಲ್ಲಿಂದ ಬೆನ್ನು ಕಾಣುತ್ತದೆ. ನನ್ನ ಪ್ರತಿ ಮುಂದಿದೆ, ಪೆನ್ಸಿಲ್ ಇದೆ.

ಮೊದಲ ಸಾಲು, ‘ಮಗ ಗೋಡೆ ನೋಡುತ್ತಾ ಕೂತಿದ್ದ’ — ಓದಿದರು. ಟಿಕ್.

‘ಆಮೇಲೆ ತಂಗಿಯ ಕೈಗೆ ಪೆನ್ನು ಕೊಟ್ಟ’ — ನಿಧಾನವಾಗಿ ಓದಿದರು. ಟಿಕ್.

ಮೂರನೇ ಸಾಲು ಅವರದೇ. ಹೆತ್ತಿದ್ದರೆ ತಾನೇ ಎಂದು ಶುರುವಾಗುವುದು.

ಓದು ನಿಂತಿದೆ. ಉಸಿರು ಎಳೆದುಕೊಂಡ ಸದ್ದು. ಬಿಟ್ಟು ಮುಂದೆ ಹೋಗುತ್ತಾರೆಯೇ, ಇಲ್ಲ —